ಮುಂದಿನ ಭಾಗ ಬರಾಕತ್ತೈತಿ: ಅಂಜಿಕಿ ಉಳಿದೈತೇನು?

ನಮಸ್ಕಾರ್ರೀ. ತೆರಿ ಮ್ಯಾಲ ಈಗ ನೀವು ನೋಡಾಕತ್ತಿರೋದು ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ. ಮಾತು ಮಾತ್ರ ಸಿನಿಮಾದ್ದು, ಅದೂ ಹಳೇ ಅಂಜಿಕಿ ಸಿನಿಮಾಗಳ ಮುಂದಿನ ಭಾಗಗಳದ್ದು. ವಿಡಿಯೋ ಗೇಮಿನಿಂದ ಬಂದ ರೆಸಿಡೆಂಟ್ ಈವಿಲ್ ಹೊಸದಾಗಿ ಶುರು ಮಾಡ್ಯಾರ, ಈವಿಲ್ ಡೆಡ್ ಸರಣಿಗೆ ಇನ್ನೊಂದು ಕೂಡಾಕತ್ತೈತಿ, ಗಾಡ್ಜಿಲಾ ಮೈನಸ್ ಒನ್ ಸಿನಿಮಾದ ಮುಂದಿನ ಭಾಗ ಐತಿ, ಮರಳುಗಾಡಿನ ಗ್ರಹದ ಕಥಿ ಡ್ಯೂನ್ ಮೂರನೇ ಭಾಗಕ್ಕ 2026ರ ಡಿಸೆಂಬರ್ 18 ಅಂತ ತಾರೀಖು ಹಾಕ್ಯಾರ, ದೆವ್ವ ಬಿಡಿಸೋ ಕಥಿ ಎಕ್ಸಾರ್ಸಿಸ್ಟ್ 2027ಕ್ಕ. ಇವುಗಳಾಗ ಯಾವುದಕ್ಕ ಟಾಕೀಸಿಗೆ ರೊಕ್ಕ ಕೊಡಬೇಕು, ಯಾವುದನ್ನ ಎರಡು ದಿನ ತಡದು ನೋಡಬೇಕು, ಯಾಕ ಅನ್ನೋದನ್ನ ಹೇಳ್ತೀನಿ.

ಗುಮ್ಮಟದಿಂದ ಶುರು ಮಾಡಾಕ ಕಾರಣ ಐತಿ. 1656ರ ಹೊತ್ತಿಗೆ ಮುಗಿದ ಮುಹಮ್ಮದ್ ಆದಿಲ್ ಶಾನ ಸಮಾಧಿ ಇದು, ಗುಮ್ಮಟದ ಹೊರಗಿನ ವ್ಯಾಸ ಸುಮಾರು 44 ಮೀಟರ್. ಗ್ಯಾಲರಿಯ ಗೋಡಿಗೆ ಮುಖ ಮಾಡಿ ಹಗೂರಕ ಒಂದು ಮಾತಾಡಿದ್ರ, ಸುಮಾರು 37 ಮೀಟರ್ ಆಚೆ ಎದುರು ಗೋಡಿಗೆ ಕಿವಿಗೊಟ್ಟವ್ರಿಗೆ ಅದು ಕೇಳ್ತೈತಿ. ಬಾಗಿದ ಗೋಡಿ ಗುಂಟ ಸಪ್ಪಳ ಜಾರಿಕೊಂತ ಹೋಗ್ತೈತಿ, ನಡುವಿನ ಬಯಲಿನಾಗ ಚದುರೂದಿಲ್ಲ. ಸೂಟಿ ದಿನ ಗದ್ದಲ ಇದ್ದಾಗ ಹೋದ್ರ ಏನೂ ಕೇಳೂದಿಲ್ಲ. ಎಲ್ಲಾರೂ ಚೀರ್ತಾರ, ಪ್ರತಿಧ್ವನಿ ಒಂದರ ಮ್ಯಾಲ ಒಂದು ಬಿದ್ದು ಬರೇ ಗುಂಯ್ ಅಂತೈತಿ. ಅಂಜಿಕಿ ಸಿನಿಮಾ ಕೆಡೋದೂ ಹಿಂಗ.

ಒಂದು ಚೀರು ಎದಿಗೆ ಬಡೀಬೇಕಂದ್ರ ಅದರ ಮೊದಲು ಹಾಲ್ ನಿಶ್ಶಬ್ದ ಆಗಿರಬೇಕು. ಸೌಂಡ್ ಮಿಕ್ಸ್ ಮಾಡೋರು ಮೊದಲು ಹಿನ್ನೆಲಿ ಸಂಗೀತ ತಗೀತಾರ, ಆಮ್ಯಾಲ ಹುಳದ ಸಪ್ಪಳ, ಗಾಳಿ, ಫ್ಯಾನು ಹಿಂಗ ಒಂದೊಂದ ಇಳಸ್ತಾರ. ನಮ್ಮ ಕಿವಿ ತಾನ ಚುರುಕಾಗ್ತೈತಿ, ಮುಂದಿನ ಕುರ್ಚಿಯವ್ರ ಉಸಿರೂ ಕೇಳ್ತೈತಿ. ಆಗ ಬಾಗಿಲ ಚಿಲಕ ಅಲ್ಲಾಡಿದ್ರೂ ಸಾಕು. ಟ್ರೇಲರ್ ಬಂದಾಗ ಒಂದು ಕೆಲಸ ಮಾಡ್ರಿ: ಕಣ್ಣು ಮುಚ್ಚಿ ಒಮ್ಮೆ ಬರೇ ಕೇಳ್ರಿ. ಎರಡೂವರಿ ನಿಮಿಷದಾಗ ಡೊಳ್ಳು ಬಡದಂಗ ಢಂ ಢಂ ಬಿಟ್ರ ಬ್ಯಾರೆ ಏನೂ ಇಲ್ಲಂದ್ರ, ಅದನ್ನ ಮಾರೋರಿಗೇ ಅದರ ಅಂಜಿಕಿ ಮ್ಯಾಲ ನಂಬಿಕಿ ಇಲ್ಲ ಅಂತ ತಿಳೀರಿ. ಟ್ರೇಲರ್ ಕತ್ತರಿಸೋರು ಬ್ಯಾರೆ, ಸಿನಿಮಾ ಮಾಡೋರು ಬ್ಯಾರೆ, ಖರೆ. ಆದ್ರ ಕತ್ತರಿಸಾಕ ಒಂದು ಛಲೋ ಮೌನಾನ ಸಿಗಲಿಲ್ಲಂದ್ರ ಅನುಮಾನ ಪಡೋದು ತಪ್ಪಲ್ಲ.

ಎರಡನೇ ಮಾತು ಕಟ್ಟಳಿದು. ದೆವ್ವ ಇರಲಿ, ಅನ್ಯಗ್ರಹದ ಪ್ರಾಣಿ ಇರಲಿ, ಅದಕ್ಕೊಂದು ಕಟ್ಟಳಿ ಇರ್ತೈತಿ. 2018ರ ಎ ಕ್ವೈಟ್ ಪ್ಲೇಸ್ ಸಿನಿಮಾದಾಗ ಪ್ರಾಣಿಗೆ ಕಣ್ಣಿಲ್ಲ, ಸಪ್ಪಳಕ್ಕ ಬರ್ತೈತಿ. ಇಷ್ಟ ಗೊತ್ತಾದ್ರ ಸಾಕು, ಮೆಟ್ಟಿಲ ಮ್ಯಾಲ ಎದ್ದು ನಿಂತ ಒಂದು ಮೊಳಿ ನೋಡಿದಾಗ ನಮ್ಮ ಕಾಲು ಜುಂ ಅಂತೈತಿ. ಮುಂದಿನ ಭಾಗ ಮಾಡೋರಿಗೆ ಇಲ್ಲಿ ಎರಡು ದಾರಿ. ಕಟ್ಟಳಿ ಹಂಗ ಇಟ್ಟು ಜಾಗಾ ಬದಲು ಮಾಡೋದು ಒಂದು. ಕಟ್ಟಳಿನ ಮುರಿದು ‘ಈಗ ಇದು ಹಾರ್ತೈತಿ, ಮಾತಾಡ್ತೈತಿ, ಇದಕ್ಕೊಬ್ಬ ಅಪ್ಪ ಇದ್ದಾನ’ ಅಂತ ಕೂಡಸ್ಕೊಂತ ಹೋಗೋದು ಇನ್ನೊಂದು. ಎರಡನೇದ್ರಾಗ ಪ್ರೇಕ್ಷಕ ಲೆಕ್ಕ ಹಾಕೋದನ್ನ ಬಿಟ್ಟುಬಿಡ್ತಾನ. ಮುಂದ ಏನು ಬೇಕಾದ್ರೂ ಆಗಬಹುದು ಅಂದ್ರ, ಯಾವುದಕ್ಕೂ ಅಂಜೋ ಅಗತ್ಯ ಇಲ್ಲ.

ನಮ್ಮ ಕನ್ನಡದಾಗ ಇದಕ್ಕ ಒಂದು ಛಲೋ ಉದಾಹರಣಿ ಐತಿ. 2004ರ ಆಪ್ತಮಿತ್ರದಾಗ ಅಂಜಿಕಿ ಇದ್ದದ್ದು ಅರಮನಿಯ ಬೀಗ ಹಾಕಿದ ಕೋಣ್ಯಾಗ. 2010ರ ಆಪ್ತರಕ್ಷಕದಾಗ ಅದೇ ನಾಗವಲ್ಲಿ, ಆದ್ರ ಅಂಜಿಕಿ ಒಂದು ಚಿತ್ರಪಟಕ್ಕ ಬಂತು. ಕೋಣಿ ಇದ್ದಲ್ಲೇ ಇರ್ತೈತಿ, ಚಿತ್ರಪಟ ಮನಿಯಿಂದ ಮನಿಗೆ ಹೋಗ್ತೈತಿ. ಅಷ್ಟರ ಮಟ್ಟಿಗೆ ಅದು ವಿಚಾರ ಮಾಡಿ ಮಾಡಿದ ಮುಂದಿನ ಭಾಗ.

ಇನ್ನೊಂದು, ಮಂದಿನ ಹುಚ್ಚು ಹಿಡಿಸೋ ಸೋಂಕಿನ ಕಥಿ 28 ಡೇಸ್ ಲೇಟರ್. 2002ರಾಗ ಬಂದದ್ದು, ಬಹುಪಾಲು ಕ್ಯಾನನ್ ಎಕ್ಸ್‌ಎಲ್1 ಅನ್ನೋ ಸಣ್ಣ ಟೇಪಿನ ಮಿನಿ ಡಿವಿ ಕ್ಯಾಮೆರಾದಾಗ ತಗದದ್ದು. ಚಿತ್ರ ಒರಟು, ಅದ ಅದರ ಕಸುವು. ಸೋಂಕು ತಗುಲಿದವ್ರು ಹಸಿವಿನಿಂದ ಸಾಯ್ತಾರ ಅನ್ನೋದು ಅಲ್ಲಿಯ ಕಟ್ಟಳಿ. ಹಂಗಾದ್ರ 28 ವರ್ಷ ಆದ ಮ್ಯಾಲ ಯಾರು ಉಳೀತಾರ? 2025ರ 28 ಇಯರ್ಸ್ ಲೇಟರ್ ಇದಕ್ಕ ಉತ್ತರ ಕೊಟ್ಟ ಮುಂದ ಹೋಗ್ತೈತಿ: ನೆಲದ ಹುಳ ತಿಂದು ತೆವಳೋರು ಅದಾರ, ಬೇಟಿ ಆಡೋದು ಕಲ್ತವ್ರೂ ಅದಾರ. ಕಟ್ಟಳಿ ಬದಲಾತು, ಆದ್ರ ಕಾರಣ ಇಟ್ಟು ಬದಲಾತು. ಹಿಂಗ ಮಾಡಿದ್ರ ನನ್ನ ತಕರಾರಿಲ್ಲ.

ಆ ಸಿನಿಮಾದ ಬಹುಪಾಲು ಚಿತ್ರೀಕರಣ ಐಫೋನ್ 15 ಪ್ರೊ ಮ್ಯಾಕ್ಸ್ ಮ್ಯಾಲ ಆಗೈತಿ. ಜಮಖಂಡಿ, ಗೋಕಾಕ, ಬೈಲಹೊಂಗಲದಾಗ ಮೊಬೈಲಿನಾಗ ಕಿರುಚಿತ್ರ ಮಾಡೋ ಹುಡುಗ್ರು ಇದನ್ನ ಕೇಳಿ ಖುಷಿ ಪಡ್ತಾರ, ಪಡಲಿ. ಒಂದು ಮಾತು ಮಾತ್ರ ನೆನಪಿಡ್ರಿ: ಅವ್ರು ಬರೇ ಫೋನ್ ಹಿಡಿದು ಓಡಿಲ್ಲ. ಫೋನಿಗೆ ಅಡಾಪ್ಟರ್ ಹಾಕಿ ಸಿನಿಮಾ ಲೆನ್ಸ್ ಕೂಡಿಸ್ಯಾರ, ಕೆಲವು ದೃಶ್ಯಕ್ಕ ಒಂದ ಕಮಾನಿನ ಮ್ಯಾಲ 20 ಫೋನ್ ತನಕ ಸಾಲಾಗಿ ಹಚ್ಯಾರ. ನಮ್ಮಲ್ಲಿ ಕೆಡೋದು ಕ್ಯಾಮೆರಾದಿಂದಲ್ಲ, ಕತ್ತಲಿಂದ. ರಾತ್ರಿ ದೃಶ್ಯಾನ ಖರೇನ ರಾತ್ರಿ ತಗದ್ರ ಫೋನು ತಾನ ಐಎಸ್‌ಒ, ಅಂದ್ರ ಬೆಳಕು ಹಿಡಿಯೋ ಸೂಕ್ಷ್ಮತೆ, ಏರಸ್ತೈತಿ, ಕಪ್ಪಿನಾಗ ಬಣ್ಣದ ಹರಳು ಕುಣೀತಾವ. ಎಕ್ಸ್‌ಪೋಷರ್ (ಚಿತ್ರಕ್ಕ ಬೀಳೋ ಬೆಳಕಿನ ಪ್ರಮಾಣ) ಫೋನು ತಾನ ಬದಲಿಸದಂಗ ಲಾಕ್ ಮಾಡ್ರಿ, ಶಟರ್ ಐವತ್ತರಾಗ ಒಂದು ಸೆಕೆಂಡಿಗೆ ನಿಲ್ಲಸ್ರಿ, ಸೂರ್ಯ ಮುಳುಗಿದ ಮ್ಯಾಲಿನ ಇಪ್ಪತ್ತು ನಿಮಿಷದಾಗ ತಗೀರಿ, ಆಮ್ಯಾಲ ಎಡಿಟಿಂಗ್‌ನಾಗ ಕತ್ತಲ ಮಾಡ್ರಿ. ನಮ್ಮ ಕಡೆ ವಸ್ತುವಿಗೇನು ಕೊರತಿ? ಆಲಮಟ್ಟಿ ಹಿನ್ನೀರಿಗೆ ಅರ್ಧ ಊರು ಕೊಟ್ಟು ನವನಗರಕ್ಕ ಎದ್ದು ಹೋದ ಬಾಗಲಕೋಟಿ ಐತಿ. ಬಿಟ್ಟು ಹೋದ ಮನಿ, ಏರೋ ನೀರು, ಸರ್ವೇ ಕಲ್ಲಿನ ಮ್ಯಾಲಿನ ಅಂಕಿ: ಇದರಾಗ ಒಂದು ಅಂಜಿಕಿ ಕಥಿ ಕುಂತೈತಿ, ಬಿಳಿ ಸೀರಿ ಬ್ಯಾಡ, ಗೆಜ್ಜಿ ಸಪ್ಪಳಾನೂ ಬ್ಯಾಡ. ಬಾದಾಮಿ, ಐಹೊಳೆ, ಗುಮ್ಮಟದಂಥಾ ಜಾಗಾದಾಗ ಶೂಟಿಂಗಿಗೆ ಪುರಾತತ್ವ ಇಲಾಖೆಯ ಪರವಾನಗಿ ಬೇಕು, ಡ್ರೋನ್ ಅಂತೂ ಕೇಳದ ಹಾರಸಬ್ಯಾಡ್ರಿ. ಖಾನಾಪುರದ ಕಡೆ ಭೀಮಗಡ ಕಾಡಿನ ಬಾರಾಪೇಡೆ ಗವಿ ಚಿತ್ರದಾಗ ಭಾಳ ಛಂದ ಕಾಣ್ತೈತಿ, ಆದ್ರ ಅದು ರಾಟನ್ ಬಾವಲಿ ಅನ್ನೋ ಅಪರೂಪದ ಜೀವದ ಮನಿ. ಅಲ್ಲಿ ಲೈಟು, ಸಪ್ಪಳ ಒಯ್ಯೋ ವಿಚಾರಾನ ಬಿಡ್ರಿ.

ಈಗ ಕೈಲೆ ಮಾಡಿದ ಪ್ರಾಣಿ ಮತ್ತ ಕಂಪ್ಯೂಟರಿನ ಪ್ರಾಣಿ ಜಗಳಕ್ಕ ಬರೋಣು. 1982ರ ದಿ ಥಿಂಗ್ ಸಿನಿಮಾಕ್ಕ 2011ರಾಗ ಹಿಂದಿನ ಕಥಿ ಅಂತ ಒಂದು ಬಂತು. ಅದಕ್ಕ ಸಿನಿಮಾ ಪ್ರಾಣಿ ಮಾಡೋ ಅಮಾಲ್ಗಮೇಟೆಡ್ ಡೈನಾಮಿಕ್ಸ್ ಕಂಪನಿಯವ್ರು ರಬ್ಬರು, ಮೋಟರು, ಕೇಬಲ್ ಹಚ್ಚಿ ಖರೇನ ಪ್ರಾಣಿ ಕಟ್ಟಿದ್ರು. ಚಿತ್ರೀಕರಣ ಆದ ಮ್ಯಾಲ ಬಹುತೇಕ ಕಡೆ ಅದರ ಮ್ಯಾಲ ಕಂಪ್ಯೂಟರ್ ಚಿತ್ರ ಮೆತ್ತಿಬಿಟ್ರು. ಸಿನಿಮಾ ಸೋತಿತು. ಕಂಪ್ಯೂಟರ್ ಕೆಟ್ಟದ್ದು ಅಂತ ನಾನು ಅನ್ನೂದಿಲ್ಲ. ದೃಶ್ಯಾನ ಒಂದು ರೀತಿಗೆ ಲೈಟ್ ಮಾಡಿ, ನಟರ ಕಣ್ಣು ಒಂದು ಎತ್ತರಕ್ಕ ನಿಲ್ಲಿಸಿ, ಆಮ್ಯಾಲ ಬ್ಯಾರೆ ಗಾತ್ರದ್ದು, ಬ್ಯಾರೆ ತೂಕದ್ದು ತಂದು ಕೂಡಿಸಿದ್ರ ನೆಲದ ಮ್ಯಾಲ ಅದರ ಹೆಜ್ಜಿ ಊರೂದಿಲ್ಲ. ನಮ್ಮ ಕಣ್ಣು ಕಾರಣ ಹೇಳಲಾರದು, ಸುಳ್ಳು ಅಂತ ಮಾತ್ರ ಥಟ್ಟನ ಹೇಳ್ತೈತಿ.

2024ರ ಏಲಿಯನ್: ರೋಮ್ಯುಲಸ್ ಇದನ್ನ ತಿಳ್ಕೊಂಡು ಮಾಡಿದ ಸಿನಿಮಾ. ಕೈಗೆ ಸಿಗೋ ಬೊಂಬಿ, ಖರೇ ಲೋಳಿ, ಇಕ್ಕಟ್ಟಿನ ಓಣಿಯಂಥಾ ಸೆಟ್ಟು. ಅಂಥಾದ್ರಾಗ ಮೊದಲ ಏಲಿಯನ್ ಸಿನಿಮಾದಾಗ ಇದ್ದ, ಈಗ ತೀರಿಹೋದ ನಟ ಇಯಾನ್ ಹೋಮ್ ಅವ್ರ ಮುಖಾನ ತಂತ್ರಜ್ಞಾನದಿಂದ ಮತ್ತ ತಂದ್ರು, ಜನ ಬೈದ ಮ್ಯಾಲ ಮನಿಗೆ ಬಿಟ್ಟ ಆವೃತ್ತಿಯೊಳಗ ಅದನ್ನ ತಿದ್ದಿದ್ರು. ಹಳೇದನ್ನ ನೆನಪು ಮಾಡಿ ಚಪ್ಪಾಳಿ ತಗೊಳ್ಳೋ ಈ ಚಟ ಮುಂದಿನ ಭಾಗಗಳ ದೊಡ್ಡ ರೋಗ. ಆ ಮುಖ ಬಂದ ಕ್ಷಣ ನಾವು ಕಥಿಯಿಂದ ಹೊರಗ ಬಂದು ಸಿನಿಮಾ ಬಗ್ಗೆ ವಿಚಾರ ಮಾಡಾಕ ಶುರು ಮಾಡ್ತೀವಿ.

ಕಂಪ್ಯೂಟರ್ ಹ್ಯಾಂಗ ಬಳಸಬೇಕು ಅಂದ್ರ ಗಾಡ್ಜಿಲಾ ಮೈನಸ್ ಒನ್ ನೋಡ್ರಿ. 35 ಮಂದಿಯ ತಂಡ, 610 ಶಾಟು, ಖರ್ಚು 1.5 ಕೋಟಿ ಡಾಲರಿಗಿಂತ ಕಡಿಮಿ, 2024ರಾಗ ವಿಷುವಲ್ ಎಫೆಕ್ಟ್ಸ್ ಆಸ್ಕರ್. ಗುಟ್ಟು ಏನಂದ್ರ ನಿರ್ದೇಶಕ ತಕಾಶಿ ಯಮಝಾಕಿ ತಾನ ಎಫೆಕ್ಟ್ಸ್ ಮೇಲ್ವಿಚಾರಕ. ಕಲಾವಿದರ ಹತ್ರನ ಕುಂತು ಇದು ಸಾಕು, ಇದು ಬ್ಯಾಡ ಅಂತ ಅಲ್ಲೇ ಹೇಳ್ತಾನ. ದೊಡ್ಡ ಸ್ಟುಡಿಯೋದಾಗ ಒಂದು ಶಾಟು ಹತ್ತಾರು ಮಂದಿಯ ಒಪ್ಪಿಗಿಗೆ ಸುತ್ತಿ, ತಿದ್ದಿ ತಿದ್ದಿ ಸವೀತೈತಿ, ರೊಕ್ಕಾನೂ ಅಲ್ಲೇ ಹೋಗ್ತೈತಿ. ಮುಂದಿನ ಭಾಗ ಮೈನಸ್ ಝೀರೋ ಕೂಡ ಯಮಝಾಕಿ ಕೈಯಾಗ ಐತಿ. ಈ ಪಟ್ಟಿಯೊಳಗ ನಾನು ಕಣ್ಣು ಮುಚ್ಚಿ ಟಿಕೆಟ್ ತಗೊಳ್ರಿ ಅನ್ನೋದು ಇದಕ್ಕೊಂದಕ್ಕ.

ರೆಸಿಡೆಂಟ್ ಈವಿಲ್ ಮ್ಯಾಲ ಆಸೆ ಐತಿ. 2021ರಾಗ ಬಂದದ್ದು ಮೊದಲ ಎರಡು ಗೇಮಿನ ಕಥಿನ ಒಂದ ಸಿನಿಮಾದಾಗ ತುರುಕಿ ಉಸಿರುಗಟ್ಟಿಸಿತ್ತು. ಈ ಸಲ ಬಾರ್ಬೇರಿಯನ್, ವೆಪನ್ಸ್ ಮಾಡಿದ ಝ್ಯಾಕ್ ಕ್ರೆಗರ್ ಬಂದಾನ, ಗೇಮಿನ ಹೆಸರಾಂತ ಪಾತ್ರ ಬಿಟ್ಟು ಅದೇ ಜಗತ್ತಿನಾಗ ಬ್ಯಾರೆ ಒಬ್ಬನ ಕಥಿ ಹಿಡಿದಾನ. ಇದು ಸರಿಯಾದ ದಾರಿ. ಗೇಮಿನಾಗ ಅಂಜಿಕಿ ಬರೋದು ಕೈಯಾಗ ಎರಡ ಗುಂಡು ಉಳಿದಾಗ. ಸಿನಿಮಾ ಆ ಲೆಕ್ಕಾನ ತೆರಿ ಮ್ಯಾಲ ತಂದ್ರ ಗೆದ್ದಂಗ.

ಈವಿಲ್ ಡೆಡ್ ಬರ್ನ್ ಮಾಡಾಕತ್ತಿರೋ ಸೆಬಾಸ್ಟಿಯನ್ ವಾನಿಚೆಕ್ ಫ್ರಾನ್ಸಿನವ. 2023ರಾಗ ಒಂದು ಹಳೇ ಅಪಾರ್ಟ್‌ಮೆಂಟಿನೊಳಗ ಜೇಡ ಬಿಟ್ಟು ಅಂಜಿಸಿದವ, ಅದರಾಗ ಖರೇ ಜೇಡಗಳೂ ಇದ್ವು. ಇಕ್ಕಟ್ಟಿನ ಜಾಗಾ ಅವನ ಕೈಗೆ ಬಂದೈತಿ. ರಕ್ತ ಆಗಿಬರದವ್ರು ಇದನ್ನ ಬಿಡ್ರಿ, ಈ ಸರಣಿಯೊಳಗ ರಕ್ತ ಕಡಿಮಿ ಆಗೂದಿಲ್ಲ. ಎಕ್ಸಾರ್ಸಿಸ್ಟ್ ಬಗ್ಗೆ ಅನುಮಾನ, ಆದ್ರೂ ಕುತೂಹಲ. 1973ರ ಮೊದಲ ಸಿನಿಮಾದಾಗ ದೆವ್ವ ಹಿಡಿದ ಹುಡುಗಿಯ ಕೋಣಿಯ ಸೆಟ್ಟನ್ನ ಫ್ರೀಜರಿನಂಗ ತಣ್ಣಗ ಮಾಡಿ ನಟರ ಉಸಿರು ಹೊಗಿಯಂಗ ಕಾಣೋ ಹಂಗ ತಗದಿದ್ರು. ಅದೇ ಸರಣಿಯ 2023ರ ಬಿಲೀವರ್‌ದಾಗ ಒಂದು ಹುಡುಗಿ ಬದಲು ಇಬ್ಬರು ಹುಡುಗ್ಯಾರು, ಅಂಜಿಕಿ ಮಾತ್ರ ಅರ್ಧ. ಅದರ ಮುಂದಿನದನ್ನ ಕೈಬಿಟ್ಟು ಈಗ ನಿರ್ದೇಶಕ ಮೈಕ್ ಫ್ಲಾನಗನ್‌ಗೆ ಕೊಟ್ಟಾರ. ಸೋತ ಮೊದಲ ಭಾಗಕ್ಕ ಗಟ್ಟಿ ಎರಡನೇದು ಕಟ್ಟೋ ಹದ ಅವಂಗ ಗೊತ್ತು, 2016ರಾಗ ದೆವ್ವದ ಜೋಡಿ ಮಾತಾಡೋ ಹಲಗಿಯ ಕಥಿ ಇರೋ ‘ವೀಜಾ’ (Ouija) ಸರಣಿಯೊಳಗ ಮಾಡಿ ತೋರಿಸ್ಯಾನ.

ಡ್ಯೂನ್ ವಿಚಾರ ಬ್ಯಾರೆ. ಮೂರನೇದಕ್ಕ ಆಧಾರ 1969ರ ಡ್ಯೂನ್ ಮೆಸಾಯ. ಯುದ್ಧದ ಕಾದಂಬರಿ ಅಲ್ಲ ಅದು; ಗೆದ್ದವ ತನ್ನ ಗೆಲುವಿನೊಳಗ ಸಿಕ್ಕಿಬಿದ್ದ ಕಥಿ, ಒಳಸಂಚಿನ ಕಥಿ. ಎರಡನೇ ಭಾಗದಂಥಾ ಮರಳುಹುಳದ ಸವಾರಿ ಬೇಕು ಅಂತ ಹೋದವ್ರು ಬ್ಯಾಸರ ಪಡಬಹುದು. ಮೊದಲ ಎರಡು ಭಾಗ ಡಿಜಿಟಲ್ ಕ್ಯಾಮೆರಾದಾಗ ತಗದದ್ದು, ಇದಕ್ಕ ಐಮ್ಯಾಕ್ಸ್ ಫಿಲ್ಮ್, ಅಂದ್ರ ಭಾಳ ಎತ್ತರದ ಪರದೆಗೆ ಅಂತ ಮಾಡಿದ ದೊಡ್ಡ ಫಿಲ್ಮ್, ಬಳಸ್ಯಾರ. ಸಾದಾ ಪರದೆ ಮ್ಯಾಲ ಐಮ್ಯಾಕ್ಸ್ ಚಿತ್ರದ ಮ್ಯಾಲಿನ ಕೆಳಗಿನ ಭಾಗ ಕತ್ತರಿಸಿ ಹೋಗ್ತೈತಿ. ಬೆಳಗಾವಿಯಿಂದ ಪುಣೆಗೋ ಬೆಂಗಳೂರಿಗೋ ಹೆಂಗೂ ಹೋಗೋರಿದ್ರ ಅಲ್ಲಿ ನೋಡ್ರಿ.

ಇನ್ನ ನಮ್ಮ ಟಾಕೀಸು. ಅಂಜಿಕಿ ಸಿನಿಮಾಕ್ಕ ಬೆಳಕಿನ ಲೆಕ್ಕ ಭಾಳ ಮುಖ್ಯ. 2ಡಿಗೆ ಪರದೆ ನಡುವ 14 ಫುಟ್‌ಲ್ಯಾಂಬರ್ಟ್ (ಪರದೆಯ ಹೊಳಪು ಅಳಿಯೋ ಮಾನ) ಬೆಳಕು ಇರಬೇಕು ಅನ್ನೋದು ಮಾನದಂಡ. 3ಡಿ ಕನ್ನಡಕ ಹಾಕಿದ ಮ್ಯಾಲ ಕಣ್ಣಿಗೆ ಬರೋದು ಅದರ ಮೂರನೇ ಒಂದು ಪಾಲಿನಷ್ಟು, ಎಷ್ಟೋ ಕಡೆ ಅದೂ ಇಲ್ಲ. ಕತ್ತಲ ದೃಶ್ಯ ತುಂಬಿದ ಸಿನಿಮಾನ 3ಡಿಯೊಳಗ ನೋಡಬ್ಯಾಡ್ರಿ. ದೀಪ ಹಳೇದಾಗಿದ್ರ, ಇಲ್ಲಾ 3ಡಿ ಷೋ ಆದ ಮ್ಯಾಲ ಫಿಲ್ಟರ್ ಸರಿಸೋದು ಮರೆತಿದ್ರ, 2ಡಿನೂ ಮಸುಕು. ಜಾಹೀರಾತಿನಾಗ ಬಿಳಿ ಬಣ್ಣ ಬೂದಿಯಂಗ ಕಂಡ್ರ ಆಗಲೇ ಎದ್ದು ಹೋಗಿ ಹೇಳ್ರಿ. ಸಿನಿಮಾ ಶುರುವಾದ ಮ್ಯಾಲ ಯಾರೂ ಕೇಳೂದಿಲ್ಲ.

ಸಪ್ಪಳಕ್ಕ ಟಾಕೀಸಿನಾಗ ಅದರ ಜೋರು ಏರಿಸಿ ಇಳಿಸೋ ಡಾಲ್ಬಿ ಯಂತ್ರದ ಮ್ಯಾಲ 7 ಅನ್ನೋ ಗುರುತು ಇರ್ತೈತಿ, ಮಿಕ್ಸ್ ಮಾಡಿದವ್ರು ಕೇಳಿದ್ದು ಆ ಮಟ್ಟದಾಗ. ಜೋರಾತು ಅಂತ ತಕರಾರು ಬಂದ ಕೂಡಲೇ ಆಪರೇಟರ್ 5ಕ್ಕ ಇಳಸ್ತಾನ, ಅಂದ್ರ ಸುಮಾರು ಆರೂವರಿ ಡೆಸಿಬಲ್ ಕಡಿಮಿ. ಚೀರು ಆಗಲೂ ಕೇಳ್ತೈತಿ. ಸಾಯೋದು ಪಿಸುಮಾತು, ಏಪ್ರಿಲ್-ಮೇದಾಗ ಎಸಿ ಗುಡುಗಿನ ಕೆಳಗ ಅದು ಮುಳುಗಿಹೋಗ್ತೈತಿ. ಹಿಂದಿನ ಗೋಡಿಯಿಂದ ಮೂರನೇ ಒಂದರಷ್ಟು ಮುಂದ, ನಡುವಿನ ಕುರ್ಚಿ ಹಿಡೀರಿ. ಗೋಡಿಗೆ ಹತ್ತಿ ಕುಂತ್ರ ಆ ಬದಿಯ ಸ್ಪೀಕರ್ ಒಂದ ಕೇಳ್ತೈತಿ.

ಭಾಷೆ ಬಗ್ಗೆ ಕೊನೀ ಮಾತು. ನಮ್ಮ ಕಡೆ ಇಂಥಾ ಸಿನಿಮಾ ಹಿಂದಿ ಡಬ್ಬಿಂಗ್‌ನಾಗ ಹೆಚ್ಚು ಬರ್ತಾವ. ಡಬ್ ಮಾಡಿದಾಗ ಮಾತು ಮುಂದ ಬಂದು, ಹಿಂದಿನ ಸಣ್ಣ ಸಪ್ಪಳ ಹಿಂದ ಸರಿಯೋದು ಸಾಮಾನ್ಯ. ಮೌನದ ಮ್ಯಾಲ ನಿಂತ ಸಿನಿಮಾಕ್ಕ ಮೂಲ ಭಾಷೆಯ ಷೋ ಇದ್ರ ಅದನ್ನ ಹುಡುಕ್ರಿ, ಗಾಡ್ಜಿಲಾಕ್ಕ ಅಂತೂ ಜಪಾನೀಸೇ ಬೇಕು. ಡ್ಯೂನ್‌ದಂಥಾ ಮಾತಿನ ಕಥಿ ಕನ್ನಡದಾಗ ಬಂದ್ರ ಮಾತ್ರ ಬಿಡಬ್ಯಾಡ್ರಿ. 2022ರಾಗ ಅವತಾರ್ ಎರಡನೇ ಭಾಗ ಕನ್ನಡದಾಗ ಬಂದಿತ್ತು. ಕನ್ನಡ ಷೋ ಐತೇನ್ರಿ ಅಂತ ಬುಕಿಂಗ್ ಮಾಡೂಕಿಂತ ಮೊದಲು ಕೌಂಟರಿನಾಗ ಕೇಳ್ರಿ, ಮೊದಲ ವಾರದಾಗ ಕೇಳ್ರಿ, ಎರಡನೇ ವಾರಕ್ಕ ಅದನ್ನ ತಗದು ಬ್ಯಾರೆ ಸಿನಿಮಾ ಹಾಕಿಬಿಟ್ಟಿರ್ತಾರ.