ಪಾರ್ಸೆಲ್ ಬಂದಿದೆ ಎಂಬ ಫೋನ್

ಕೇಳುಗರಿಗೆ ನಮಸ್ಕಾರ.

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ, ಎಲ್ಲಿ ನೋಡಿದರೂ ಮಕ್ಕಳು ಬೆಂಗಳೂರು-ಪುಣೆಯಲ್ಲಿ, ಮನೆಯಲ್ಲಿ ಹಿರಿಯರು ಒಬ್ಬರೇ. ಮಾತಿಗೆ ಮಂದಿ ಬೇಕೆನ್ನಿಸುವುದು ತಪ್ಪಲ್ಲ. ಮೋಸಗಾರ ಹುಡುಕುವುದು ಇಂಥವರನ್ನೇ.

ಫೇಸ್‌ಬುಕ್‌ನಲ್ಲಿ ಗುರುತಿಲ್ಲದ ಒಬ್ಬರ ರಿಕ್ವೆಸ್ಟ್ ಬರುತ್ತದೆ. ಲಂಡನ್ನಿನ ಡಾಕ್ಟರ್, ಹಡಗಿನ ಎಂಜಿನಿಯರ್, ಇಲ್ಲವೇ ಗಂಡ ತೀರಿಕೊಂಡ ಹೆಣ್ಣುಮಗಳು. ಎರಡೇ ದಿನಕ್ಕೆ ಮಾತು ವಾಟ್ಸಾಪ್‌ಗೆ ಹೋಗುತ್ತದೆ. ಮುಂದೆ ವಾರಗಟ್ಟಲೆ ಬರೀ ಪ್ರೀತಿಯ ಮಾತು: ಊಟ ಆಯ್ತಾ, ಬಿಪಿ ಗುಳಿಗೆ ತಗೊಂಡ್ರಾ. ರೊಕ್ಕದ ಸುದ್ದಿಯೇ ಇಲ್ಲ. ನಂಬಿಕೆ ಹುಟ್ಟುವುದೂ ಅದಕ್ಕೇ.

ಆಮೇಲೆ ‘ನಿಮಗೆ ಉಡುಗೊರೆ ಕಳಿಸಿದ್ದೇನೆ’ ಎಂಬ ಸುದ್ದಿ. ಹಿಂದೆಯೇ ದೆಹಲಿ ಕಸ್ಟಮ್ಸ್‌ನವರೆಂದು ಬೇರೊಬ್ಬರ ಫೋನ್: ಸುಂಕ 35,000 ಕಟ್ಟಿ. ಕಟ್ಟಿದರೆ, ಪಾರ್ಸೆಲ್‌ನಲ್ಲಿ ಡಾಲರ್ ಸಿಕ್ಕಿವೆ, ದಂಡ ಕಟ್ಟದಿದ್ದರೆ ಕೇಸು ಎಂಬ ಬೆದರಿಕೆ. ಮೊದಲು ಕಟ್ಟಿದ್ದು ಹೋಗಬಾರದೆಂದು ಮತ್ತೆ ಕಟ್ಟುತ್ತಾರೆ. ಠೇವಣಿ ಮುರಿಸುವುದು ಈ ಹಂತದಲ್ಲೇ. ನೆನಪಿಡಿ, ಸುಂಕ ಸರ್ಕಾರಕ್ಕೆ ಹೋಗುವ ಹಣ. ಅದನ್ನು ಯಾರದೋ ಹೆಸರಿನ ಖಾತೆಗೆ, ಯುಪಿಐಗೆ ಹಾಕಿ ಎಂದರೆ ಅವರು ಕಸ್ಟಮ್ಸ್‌ನವರಲ್ಲ.

ಅವರ ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲಿ, ಅಂದರೆ ಚಿತ್ರದಿಂದಲೇ ಹುಡುಕುವ ಆ್ಯಪ್‌ನಲ್ಲಿ ಹಾಕಿ ನೋಡಿ. ಅದೇ ಮುಖ ಬೇರೆ ಹೆಸರಲ್ಲಿ ಸಿಕ್ಕರೆ ಕದ್ದದ್ದು. ಏನೂ ಸಿಗದಿದ್ದರೆ ಅಸಲಿ ಎಂದು ತಿಳಿಯಬೇಡಿ. ಈಗ ಇಲ್ಲದ ಮುಖವನ್ನೂ ಕಂಪ್ಯೂಟರ್ ಮಾಡಿಕೊಡುತ್ತದೆ, ವಿಡಿಯೋ ಕಾಲ್‌ನಲ್ಲೂ. ಪರಿಚಯದವರ ಹೆಸರಲ್ಲಿ ಹಣ ಕೇಳಿದರೆ ನಿಮ್ಮ ಬಳಿ ಮೊದಲಿಂದ ಇರುವ ಅವರ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ.

ಬ್ಯಾಂಕಿನ ಆ್ಯಪ್‌ನಲ್ಲಿ ದಿನಕ್ಕೆ ಹಣ ಕಳಿಸುವ ಮಿತಿಯನ್ನು ಐದು-ಹತ್ತು ಸಾವಿರಕ್ಕೆ ಇಳಿಸಿಡಿ. ಪಿಂಚಣಿ ಬರುವ ಖಾತೆಗೆ ಯುಪಿಐ ಜೋಡಿಸಬೇಡಿ. ಸ್ವಲ್ಪ ಹಣವಿರುವ ಬೇರೆ ಖಾತೆ ಸಾಕು.

ರೊಕ್ಕ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ. ಆ ಹಣ ಕೆಲವೇ ತಾಸಿನಲ್ಲಿ ಹತ್ತಾರು ಖಾತೆಗಳಿಗೆ ಹಂಚಿಹೋಗುತ್ತದೆ. ಅಷ್ಟರೊಳಗೆ ತಿಳಿಸಿದರೆ ಬ್ಯಾಂಕು ತಡೆಹಿಡಿಯಬಹುದು. ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ನಿಮ್ಮ ಖಾತೆ ಸಂಖ್ಯೆ, ಮೊತ್ತ, ಕಳಿಸಿದ ಹೊತ್ತು, ಯುಪಿಐನ 12 ಅಂಕಿಯ ವ್ಯವಹಾರ ಸಂಖ್ಯೆ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ನಾಚಿಕೊಂಡು ಮೆಸೇಜು ಅಳಿಸಬೇಡಿ, ಅವೇ ಸಾಕ್ಷಿ. ಸುಳ್ಳು ಗುರುತು ಹೇಳಿ ಆನ್‌ಲೈನ್‌ನಲ್ಲಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸವಿದೆ.

ಮಕ್ಕಳಿಗೊಂದು ಮಾತು. ‘ಈ ವಯಸ್ಸಿನಲ್ಲಿ ಇದೆಲ್ಲಾ ಬೇಕಿತ್ತಾ’ ಎನ್ನಬೇಡಿ. ಆ ಮಾತಿಗೆ ಅಂಜಿಯೇ ಅಪ್ಪ-ಅವ್ವ ಬಾಯಿ ಬಿಡುವುದಿಲ್ಲ, ಬಾಯಿ ಬಿಡದಷ್ಟು ದಿನವೂ ರೊಕ್ಕ ಹೋಗುತ್ತಲೇ ಇರುತ್ತದೆ.

ದೂರು ಕೊಟ್ಟ ಮೇಲೂ ಫೋನ್ ಬರಬಹುದು, ‘ಹೋದ ಹಣ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು. ಅದೂ ಮೋಸಗಾರರದೇ ಫೋನ್, ಕಟ್ಟಬೇಡಿ. ಆ ನಂಬರನ್ನೂ ಬರೆದಿಟ್ಟು ಠಾಣೆಗೆ ಕೊಡಿ.

ನಮಸ್ಕಾರ.