ವಠಾರದ ಮೇರಿ, ಕಂಚಿನ ಮೇರಿ

ಕೇಳುಗರಿಗೆ ನಮಸ್ಕಾರ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಗೋವನ್ ಅನ್ನುವ ಕಡೆ ಸಬ್‌ವೇ ನಿಲ್ದಾಣದಿಂದ ಹೊರಬಂದರೆ, ಬಾಡಿಗೆ ಏರಿಕೆಯ ವಿರುದ್ಧ ಹೆಂಗಸರ ಹೋರಾಟ ಮುನ್ನಡೆಸಿದ ಮೇರಿ ಬಾರ್ಬರ್ ಅವರ ಕಂಚಿನ ಪ್ರತಿಮೆ ಎದುರಾಗುತ್ತದೆ. ಶಿಲ್ಪಿ ಆಂಡ್ರ್ಯೂ ಬ್ರೌನ್. ಅನಾವರಣವಾದದ್ದು 2018ರ ಮಾರ್ಚ್ 8, ಮಹಿಳಾ ದಿನದಂದು. ಮೇರಿ ಇಲ್ಲಿ ಒಂಟಿಯಾಗಿ ನಿಂತಿಲ್ಲ. ಅವರ ಬೆನ್ನಿಗೆ ಜನರ ಸಾಲೇ ಇದೆ. ಆ ಸಾಲಿಲ್ಲದಿದ್ದರೆ ಪ್ರತಿಮೆ ಅರ್ಧ ಸುಳ್ಳಾಗುತ್ತಿತ್ತು.

1915ರ ಮಾತು. ಮೊದಲ ಮಹಾಯುದ್ಧದ ಕಾಲ. ಹಡಗುಕಟ್ಟೆಗೂ ಮದ್ದುಗುಂಡಿನ ಕಾರ್ಖಾನೆಗೂ ಕೆಲಸಗಾರರು ಬಂದು ತುಂಬಿದರು. ಮಾಲೀಕರು ಬಾಡಿಗೆ ಏರಿಸಿದರು. ಹಳೇ ಬಾಡಿಗೆ ಕೊಡುತ್ತೇವೆ, ಏರಿಸಿದ ಕಾಸು ಕೊಡುವುದಿಲ್ಲ ಎಂದು ಹೆಂಗಸರು ಪಟ್ಟು ಹಿಡಿದರು. ವಠಾರದ ಬಾಗಿಲಲ್ಲಿ ಒಬ್ಬಾಕೆ ಗಂಟೆ ಹಿಡಿದು ಕಾವಲು. ಮನೆ ಖಾಲಿ ಮಾಡಿಸಲು ಅಮೀನ ಬಂದನೋ, ಗಂಟೆ ಬಾರಿಸುತ್ತಿದ್ದಳು. ಅಡುಗೆಮನೆಗಳಿಂದ ಓಡಿಬಂದವರು ಇಕ್ಕಟ್ಟಿನ ಮೆಟ್ಟಿಲು ತುಂಬಿ ನಿಂತು ಅವನ ಮೇಲೆ ಹಿಟ್ಟು ಎರಚುತ್ತಿದ್ದರು. ನವೆಂಬರ್ 17ರಂದು ಬಾಡಿಗೆದಾರರ ಮೇಲೆ ಮೊಕದ್ದಮೆ ನಡೆಯಬೇಕಿದ್ದ ಕೋರ್ಟಿನ ಮುಂದೆ ಸಾವಿರಾರು ಜನ ಸೇರಿದರು. ಡಿಸೆಂಬರಿನಲ್ಲೇ ಕಾನೂನು ಬಂತು: ಬಾಡಿಗೆ 1914ರ ಆಗಸ್ಟ್‌ನಲ್ಲಿದ್ದ ಮಟ್ಟ ಮೀರುವಂತಿಲ್ಲ. 1920ರಲ್ಲಿ ಮೇರಿ ನಗರಸಭೆಗೆ ಆಯ್ಕೆಯಾದರು.

ಇನ್ನು ಕಂಚಿನ ಕೆಲಸ. ಇಂಥ ಗುಂಪು ಪ್ರತಿಮೆಗಳನ್ನು ಸಾಮಾನ್ಯವಾಗಿ ತುಂಡುತುಂಡಾಗಿ ಎರಕ ಹೊಯ್ಯುತ್ತಾರೆ. ಮೊದಲು ಮೇಣದಲ್ಲಿ ರೂಪ ಮಾಡಿ, ಅದರ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದ ಜಾಗಕ್ಕೆ ಕಂಚು ಹೊಯ್ಯುವುದು. ಮೇಣದ ಪದರ ಐದಾರು ಮಿಲಿಮೀಟರ್, ಎಲ್ಲ ಕಡೆ ಒಂದೇ ಸಮ. ಒಂದೆಡೆ ದಪ್ಪ, ಪಕ್ಕದಲ್ಲೇ ತೆಳುವಾದರೆ ಆರುವಾಗ ಬಿರುಕು ಬಿಡುತ್ತದೆ. ಕಂಚು ಹರಿಯುವ ಕಾಲುವೆಗಳ ಮೇಣವನ್ನೂ ಸೇರಿಸಿ ತೂಗಿ, ಅದರ ಹತ್ತು ಪಟ್ಟು ತೂಕದ ಕಂಚು ಕರಗಿಸಬೇಕು. ಮೇಣ ತೂಗಿ ಲೋಹ ಲೆಕ್ಕ ಹಾಕುವ ಈ ಕ್ರಮವನ್ನು ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಗ್ರಂಥವೂ ಹೇಳುತ್ತದೆ. ತುಂಡುಗಳ ಬೆಸುಗೆಗೆ ಅದೇ ಮಿಶ್ರಲೋಹದ ಕಡ್ಡಿ ಬೇಕು. ಬೇರೆಯದಾದರೆ ಬಣ್ಣ ಕಟ್ಟಿದ ಮೇಲೆ ಬೆಸುಗೆಯ ಗೆರೆ ಎದ್ದು ಕಾಣುತ್ತದೆ. ಒಳಗಿನ ಆಧಾರಕ್ಕೆ ಸಾದಾ ಕಬ್ಬಿಣ ಬೇಡವೇ ಬೇಡ. ತುಕ್ಕು ಹಿಡಿದರೆ ಅದು ಉಬ್ಬಿ ಕಂಚನ್ನೇ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿ, ತಳದಲ್ಲಿ ನೀರಿಳಿಯಲು ತೂತು ಬಿಡಬೇಕು.

ಚಳಿ ದೇಶದಲ್ಲಿ ಮಂಜು ಕರಗಿಸಲು ರಸ್ತೆಗೆ ಎರಚುವ ಉಪ್ಪು ಕಂಚಿಗೆ ಶತ್ರು. ಪುಡಿಪುಡಿಯಾದ ತಿಳಿಹಸಿರು ಚುಕ್ಕೆ ಕಂಡರೆ ಉಪ್ಪು ಲೋಹವನ್ನು ತಿನ್ನುತ್ತಿದೆ ಎಂದೇ ಅರ್ಥ. ವರ್ಷಕ್ಕೊಮ್ಮೆ ಮೆದು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಮೇಣ ಹಚ್ಚಿ ಬಟ್ಟೆಯಲ್ಲಿ ತಿಕ್ಕಬೇಕು. ಮಡಿಕೆಗಳಲ್ಲಿ ತೇವ ಉಳಿದಿದ್ದರೆ ಮೇಣ ಬೆಳ್ಳಗೆ ಮಸುಕಾಗುತ್ತದೆ. ಅದನ್ನು ತೆಗೆದು ಮತ್ತೆ ಮೊದಲಿನಿಂದ ಹಚ್ಚಬೇಕು.