ನೀರು ಕುಡಿದ ಇಲಿಗಳಿಗೆ ಏನಾಯಿತು?

ಚಿತ್ರದುರ್ಗ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಶೇಂಗಾ ಕಿತ್ತು ಬಂದು ಮಂಡಿ ನೀವಿಕೊಳ್ಳುತ್ತಾ ಕುಳಿತವರಿಗೆ, ಕಾಲು ಊದಿಕೊಂಡ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಈ ಮಾತು. ಗಿಡಮೂಲಿಕೆಗೆ ಊತ ಇಳಿಸುವ ಗುಣ ಇದೆಯೋ ಇಲ್ಲವೋ ಎಂದು ಪ್ರಯೋಗಾಲಯದಲ್ಲಿ ಹೇಗೆ ಪರೀಕ್ಷಿಸುತ್ತೇವೆ ಎಂದು ಹೇಳಲು ಬಂದಿದ್ದೇನೆ. ಇಡೀ ಪರೀಕ್ಷೆ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಔಷಧಿ ಕೊಡದೆ ಬಿಟ್ಟವರಿಗೆ ಏನಾಯಿತು?

ಏಕೆಂದರೆ ಊತ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಕಾಲು ಉಳುಕಿದ ವಾರ ನೀವು ಕಟ್ಟಿದ್ದು ಲಕ್ಕಿ ಸೊಪ್ಪಾದರೆ ಹೆಸರು ಲಕ್ಕಿ ಸೊಪ್ಪಿಗೆ, ಔಡಲದ ಎಲೆಯಾದರೆ ಔಡಲಕ್ಕೆ.

ಹೊಳಲ್ಕೆರೆ ಕಡೆಯ ಹುಡುಗನೊಬ್ಬ ನನ್ನ ಬಳಿ ಔಷಧಶಾಸ್ತ್ರ ಓದುತ್ತಿದ್ದ. ಅವನ ಅಜ್ಜ ಊರಿನವರ ಕೀಲೂತಕ್ಕೆ ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟುತ್ತಿದ್ದವರು. ಹುಡುಗ ಹೊಲದ ಬದುವಿನಿಂದ ಒಂದು ಚೀಲ ಸೊಪ್ಪು ತಂದ. ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಮದ್ಯಸಾರದಲ್ಲಿ ಸತ್ವ ಇಳಿಸಿ ಆರಿಸಿದಾಗ ತಳದಲ್ಲಿ ಕಪ್ಪು ಹಸಿರು ಅಂಟು ಉಳಿಯಿತು. ಪ್ರಾಣಿಪ್ರಯೋಗದ ನೀತಿ ಸಮಿತಿಯ ಒಪ್ಪಿಗೆ ಪಡೆದು ಬಿಳಿ ಇಲಿಗಳನ್ನು ನಾಲ್ಕು ಗುಂಪು ಮಾಡಿದೆವು. ಒಂದು ಗುಂಪಿಗೆ ಬರೀ ನೀರು. ಒಂದಕ್ಕೆ ಇಂಡೋಮೆಥಾಸಿನ್ ಎಂಬ ಹಳೆಯ ಊತದ ಔಷಧಿ. ಉಳಿದೆರಡಕ್ಕೆ ಸೊಪ್ಪಿನ ಸಾರ, ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು.

ಒಂದು ಗಂಟೆಯ ನಂತರ ಎಲ್ಲ ಇಲಿಗಳ ಹಿಂಗಾಲಿನ ಪಾದಕ್ಕೆ ಕ್ಯಾರಜೀನನ್ ಚುಚ್ಚಬೇಕು. ಅದು ಕಡಲಿನ ಕೆಂಪು ಪಾಚಿಯಿಂದ ತೆಗೆದದ್ದು. ಶೇಕಡಾ 1ರ ದ್ರಾವಣ, 0.1 ಮಿಲಿಲೀಟರ್. 1962ರಿಂದ ಬಳಕೆಯಲ್ಲಿರುವ ವಿಧಾನ ಇದು. ಪಾದ ಉಬ್ಬುತ್ತದೆ. ಗಿಣ್ಣಿನ ಬಳಿ ಪೆನ್ನಿನಿಂದ ಗೆರೆ ಎಳೆದು, ಆ ಗೆರೆಯವರೆಗೆ ಪಾದವನ್ನು ನೀರಿನ ಕೊಳವೆಯಲ್ಲಿ ಅದ್ದಿದರೆ, ಎಷ್ಟು ನೀರು ಮೇಲೇರಿತೋ ಅಷ್ಟು ಪಾದದ ಗಾತ್ರ. ಪ್ರತಿಸಲವೂ ಅದೇ ಗೆರೆಗೆ ಅದ್ದದಿದ್ದರೆ ಲೆಕ್ಕ ಕೆಟ್ಟಿತು. ಗಂಟೆಗೊಮ್ಮೆ ಅಳೆಯಬೇಕು. ಮೂರನೆಯ ಗಂಟೆಯ ಹೊತ್ತಿಗೆ ಊತ ಜೋರಾಗಿರುತ್ತದೆ.

ಮರುದಿನ ಬೆಳಿಗ್ಗೆ ಹುಡುಗ ಓಡಿಬಂದ. ಸೊಪ್ಪಿನ ಗುಂಪಿನ ಪಾದಗಳೆಲ್ಲ ಇಳಿದಿವೆ, ಅಜ್ಜನಿಗೆ ಫೋನ್ ಮಾಡಿ ಹೇಳಿದ್ದೂ ಆಯಿತು ಎಂದ. "ನೀರು ಕುಡಿದ ಇಲಿಗಳಿಗೆ ಏನಾಯಿತಪ್ಪಾ?" ಎಂದು ಕೇಳಿದೆ. ಆ ಪಂಜರದ ಕಡೆ ಅವನು ತಿರುಗಿಯೂ ನೋಡಿರಲಿಲ್ಲ. ಇಬ್ಬರೂ ಹೋಗಿ ಅಳೆದೆವು. ಅವುಗಳ ಊತವೂ ಬಹುಪಾಲು ಇಳಿದಿತ್ತು. ಹುಡುಗನ ಮುಖ ಬಾಡಿತು. ಹಿಂದಿನ ದಿನದ ಲೆಕ್ಕದ ಪುಸ್ತಕ ತೆಗೆಸಿದೆ. ಮೂರನೆಯ ಗಂಟೆಯ ಸಾಲಿನಲ್ಲಿ ಉತ್ತರ ಇತ್ತು. ಹೆಚ್ಚು ಸಾರ ಕುಡಿದ ಇಲಿಗಳ ಊತ ನೀರು ಕುಡಿದವುಗಳಿಗಿಂತ ನಿಜಕ್ಕೂ ಕಡಿಮೆ. ಇಂಡೋಮೆಥಾಸಿನ್ ಇಳಿಸಿದಷ್ಟು ಇಳಿದಿರಲಿಲ್ಲ. ಕಡಿಮೆ ಸಾರದ ಗುಂಪಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಶ್ರೀಲಂಕಾದ ಸಂಶೋಧಕರು ಕೂಡ ಲಕ್ಕಿ ಸೊಪ್ಪನ್ನು ಇಲಿಗಳ ಮೇಲೆ ಪರೀಕ್ಷಿಸಿ, ಊತ ಇಳಿಸುವ ಗುಣ ಇದೆ ಎಂದು 2003ರಲ್ಲಿ ಪ್ರಕಟಿಸಿದ್ದಾರೆ. ಅಜ್ಜ ಹೇಳಿದ್ದರಲ್ಲಿ ಹುರುಳಿದೆ ಎನ್ನುವ ಧೈರ್ಯ ನಮಗೆ ಬಂದದ್ದು ನೀರು ಕುಡಿದ ಇಲಿಗಳಿಂದ. ಹಿಂದಿನಿಂದ ನಡೆದುಬಂದಿದೆ, ಪರೀಕ್ಷೆ ಏಕೆ ಎನ್ನುವವರ ಮುಂದೆ ನನ್ನ ತಾಳ್ಮೆ ಬಹಳ ಹೊತ್ತು ನಿಲ್ಲುವುದಿಲ್ಲ.

ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಾರದಲ್ಲಿ ಕೆಲಸ ಮಾಡಿದ ಅಂಶ ಯಾವುದೆಂದು ಬೇರ್ಪಡಿಸಬೇಕು. ವಿಲೋ ಮರದ ತೊಗಟೆಯಿಂದ ನೋವು ಇಳಿಸುವ ಅಂಶವಾದ ಸ್ಯಾಲಿಸಿನ್ ಬೇರ್ಪಟ್ಟದ್ದು 1828ರಲ್ಲಿ. ಅದರ ಜಾಡಿನಲ್ಲಿ ಜರ್ಮನಿಯಲ್ಲಿ ಆಸ್ಪಿರಿನ್ ತಯಾರಾದದ್ದು 1897ರಲ್ಲಿ. ಅದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಅಂಶ ಸಿಕ್ಕರೆ ಸಾಲದು, ಅದು ರಕ್ತಕ್ಕೂ ಸೇರಬೇಕು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಕರಿಮೆಣಸಿನ ಪೈಪರಿನ್ ಜೊತೆ ಕೊಟ್ಟರೆ 20 ಪಟ್ಟು ಹೆಚ್ಚು ಸೇರುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಕಂಡುಕೊಂಡರು. ಹೇಗೆ? ಪೈಪರಿನ್ ಇಲ್ಲದೆ ಕರ್ಕ್ಯುಮಿನ್ ಕೊಟ್ಟಾಗಲೂ ರಕ್ತ ಪರೀಕ್ಷಿಸಿದ್ದರು.

ಮಳೆಗಾಲದಲ್ಲಿ ಬೇಲಿಯ ಮೇಲೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿ ಕೊಲ್ಚಿಸಿನ್ ಇದೆ. ಗೌಟ್ ಎಂಬ ಕೀಲೂತಕ್ಕೆ ವೈದ್ಯರು ಅದನ್ನು ಅರ್ಧ ಮಿಲಿಗ್ರಾಮಿನ ಮಾತ್ರೆಯಾಗಿ ಬರೆದುಕೊಡುತ್ತಾರೆ. ಗೆಡ್ಡೆಯನ್ನೇ ಅರೆದು ಕುಡಿದವರು ಪ್ರಾಣ ಕಳೆದುಕೊಂಡಿದ್ದಾರೆ. ದಯವಿಟ್ಟು ಮುಟ್ಟಬೇಡಿ.

ಇನ್ನು ಸಂತೆಯಲ್ಲಿ ಹೆಸರು, ವಿಳಾಸ ಇಲ್ಲದ ಪೊಟ್ಟಣದಲ್ಲಿ ಮಾರುವ ಮಂಡಿನೋವಿನ ಪುಡಿ. ನೂರಾರು ಜನಕ್ಕೆ ಗುಣವಾಗಿದೆ ಎಂದು ಮಾರುವವನು ಹೇಳಿದರೆ, ಅದನ್ನು ತಿನ್ನದೆ ಇದ್ದವರ ಲೆಕ್ಕ ಕೇಳಿ. ಒಂದೇ ದಿನದಲ್ಲಿ ನೋವು ಮಾಯವಾದರೆ ಇನ್ನಷ್ಟು ಎಚ್ಚರವಾಗಿರಿ. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್ ಬೆರೆಸಿದ್ದು ಮತ್ತೆ ಮತ್ತೆ ಪತ್ತೆಯಾಗಿದೆ. ಅದರಿಂದ ಮುಖ ಊದಿಕೊಳ್ಳುತ್ತದೆ, ರಕ್ತದ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ನೀವಾಗಿಯೇ ಥಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ನಾಳೆ ಬೆಳಿಗ್ಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ನಮಸ್ಕಾರ.